ಒಟ್ಟಿಲಿಗೆ ಬೆನ್ನು ಕೊಟ್ಟು

"ಸೌದೆ ಒಟ್ಟಿದೋನೇ ಅದಕ್ಕೆ ಒರಗಿ ಕೂತು ಟೀ ಕುಡೀಬೇಕು. ನಮ್ಮ ಡಿಪೋ ಪದ್ಧತಿ," ಎಂದು ಸಾವ್ಕಾರ ಷಡಕ್ಷರಪ್ಪ ಲೋಟ ಚಾಚಿದಾಗ ಗುರು ಒಂದು ಹೆಜ್ಜೆ ಹಿಂದೆ ಸರಿದ.

ಅವನು ಒಟ್ಟಿದ ಎರಡಾಳೆತ್ತರದ ಸೌದೆ ಒಟ್ಟಿಲು ಎದುರಿನಿಂದ ಗೋಡೆಯ ಹಾಗೆ ನೀಟಾಗಿತ್ತು. ಭದ್ರಾವತಿಯ ಆ ಸೌದೆ ಡಿಪೋದಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಒಳಗಿನ ಕಥೆ ಮಾತ್ರ ಗುರುವಿಗೇ ಗೊತ್ತು. ಹುಣಸೆ ಬೊಡ್ಡೆ, ಜಾಲಿ ಬೇರು, ಕವಲೊಡೆದ ಮಾವಿನ ತುಂಡು, ಒಂದೂ ಇನ್ನೊಂದರ ಮೇಲೆ ಕೂರುವ ಜಾತಿಯಲ್ಲ. ಅಕ್ಕ ಕರಿಯಮ್ಮ ಹೇಳಿಕೊಟ್ಟಂತೆ ಡೊಂಕಿಗೆ ಡೊಂಕು ಹೊಂದಿಸುವ ತಾಳ್ಮೆ ಅವನಿಗೆಲ್ಲಿ? ಅಷ್ಟನ್ನೂ ಹಿಂದಕ್ಕೆಸೆದು, ಮುಂದೆ ನೆಟ್ಟಗಿನ ಸೌದೆ ಜೋಡಿಸಿ ಮುಚ್ಚಿದ್ದ. ಒಳಗೆಲ್ಲ ಟೊಳ್ಳು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಮಾಚೇನಹಳ್ಳಿಯ ವರ್ಕ್‌ಶಾಪಿನಿಂದ ಹೊರಬಿದ್ದವನಿಗೆ, ಇಲ್ಲೇ ಇಪ್ಪತ್ತು ವರ್ಷ ಸೌದೆ ಒಟ್ಟಿದ ಅಕ್ಕ ಕೈಕಾಲು ಹಿಡಿದು ಕೊಡಿಸಿದ ಕೆಲಸ.

"ಯಾಕೋ ಮಾರಾಯ, ಹೆದರಿಕೆನಾ?" ಷಡಕ್ಷರಪ್ಪನ ಹುಬ್ಬು ಗಂಟಾಯಿತು.

"ಅವನಿಗೆ ಸೊಂಟ ಹಿಡ್ಕೊಂಡಿದೆ ಸಾವ್ಕಾರ್ರೆ. ಕಲಿಸಿದೋಳು ನಾನು, ನಾನೇ ಕೂರ್ತೀನಿ." ಪಕ್ಕದಲ್ಲೇ ನಿಂತಿದ್ದ ಕರಿಯಮ್ಮ ಲೋಟ ಇಸಿದುಕೊಂಡು ಒಟ್ಟಿಲಿಗೆ ಬೆನ್ನು ಕೊಟ್ಟು ಕೂತೇಬಿಟ್ಟಳು.

ಅಕ್ಕ ಒಂದು ಗುಟುಕು ಕುಡಿದಳು. ಏನೂ ಆಗಲಿಲ್ಲ. ಬೇಗ ಕುಡಿದು ಎದ್ದರೆ ಸಾಕು ದೇವರೇ, ಎಂದುಕೊಂಡ ಗುರು. ಅವಳೋ ಅವನ ಮುಖವನ್ನೇ ನೋಡುತ್ತ ಊದಿ ಊದಿ ಕುಡಿಯುತ್ತಿದ್ದಳು. ಇನ್ನೊಂದು ಗುಟುಕು. ಮತ್ತೊಂದು. ಕೊನೆಗೆ ಲೋಟ ಎತ್ತಿ ಬಾಯಿಗೆ ಬಗ್ಗಿಸಿದಳು. ಆಗ ಒಳಗೆಲ್ಲೋ ಒಂದು ಬೊಡ್ಡೆ ಲಟಕ್ಕೆಂದು ಜರುಗಿತು.

"ಅಕ್ಕಾ, ಏಳೇ! ಒಳಗೆ ಟೊಳ್ಳು!"

ಗುರು ನುಗ್ಗಿ ಅವಳ ರಟ್ಟೆ ಹಿಡಿದೆಳೆದ. ಇಬ್ಬರೂ ನಾಲ್ಕು ಹೆಜ್ಜೆ ಆಚೆ ಹಾರುವುದಕ್ಕೂ ಅವಳು ಕೂತ ಜಾಗಕ್ಕೇ ಒಟ್ಟಿಲು ದಬದಬನೆ ಕುಸಿಯುವುದಕ್ಕೂ ಸರಿಹೋಯಿತು.

ಷಡಕ್ಷರಪ್ಪ ಎದೆ ಸವರಿಕೊಂಡ. "ನಿಜ ಹೇಳಿದೆ ಅಂತ ಬಿಟ್ಟಿದೀನಿ. ನಾಳೆ ಮೊದ್ಲಿಂದ ಒಟ್ಟು."

ಹೋದ ಜೀವ ಬಂದಂತಾಗಿ ಗುರು ಅಕ್ಕನ ಕಡೆ ತಿರುಗಿದ. ಅಷ್ಟು ಎಳೆದಾಡಿದರೂ ಅವಳ ಸೀರೆಗೆ ಟೀ ಚೆಲ್ಲಿರಲಿಲ್ಲ. ಲೋಟದಲ್ಲಿ ಚೆಲ್ಲಲು ಏನೂ ಉಳಿದಿರಲಿಲ್ಲ.

"ಟೊಳ್ಳು ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣೋ," ಎಂದಳು ಕರಿಯಮ್ಮ, ಲೋಟವನ್ನು ಅವನ ಕೈಗಿಡುತ್ತ. "ಇಷ್ಟೂ ಕುಡಿಯೋ ತನಕ ಕಾದೆ, ನೀನು ಹೇಳ್ತೀಯ ಅಂತ."