ಹುಣಸೆ ಹೂವಿನ ಅಚ್ಚು

"ಬೆರಳಿಗೆ ಏನ್ರೀ ಅದು, ನೇರಳೆ ಬಣ್ಣ?"

ಪಂಪಾವತಿ ರೊಟ್ಟಿ ಬಡಿಸುತ್ತಲೇ ಕೇಳಿದಳು. ಅವಳ ಗಂಡ ಉಜ್ಜಿನಪ್ಪ ಎಡಗೈಯನ್ನು ಸರಕ್ಕನೆ ತೊಡೆಯ ಕೆಳಗೆ ಎಳೆದುಕೊಂಡ.

"ಆಫೀಸಿನ ಸೀಲಿನ ಇಂಕು."

"ನಿನ್ನೆ ಹಸಿರಿತ್ತು."

"ಹೊಸ ಪ್ಯಾಡ್ ಬಂದಾವ."

ಅವಳು ಮತ್ತೇನೂ ಕೇಳಲಿಲ್ಲ. ಇಷ್ಟು ಸಲೀಸಾಗಿ ಸುಳ್ಳು ದಕ್ಕಿದ್ದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇದೇ ಮೊದಲು. ಉಜ್ಜಿನಪ್ಪ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ದೋಣಿಮಲೈನ ಕ್ವಾರ್ಟರ್ಸಿನಲ್ಲಿ ಅವರ ಮನೆ. ಅದಿರು ಲಾರಿಗಳ ತೂಕದ ಚೀಟಿಗೆ ಸೀಲು ಹೊಡೆಯುವುದು ಅವನ ನೌಕರಿ. ಕಳೆದ ವರ್ಷ ಮದುವೆಯಾಗಿ ಇಪ್ಪತ್ತೈದು ತುಂಬಿದ ದಿನ ಪಂಪಾವತಿ ಹೋಳಿಗೆ ಮಾಡಿದ್ದಳು. ಅವನು ನಾಲ್ಕು ತಿಂದು, ಕೈ ತೊಳೆದು, "ಇವತ್ತೇನು ಹಬ್ಬ?" ಎಂದು ಕೇಳಿದ್ದ.

ಮರುದಿನ ಅವಳು ಕಂಪ್ಲಿಯ ತವರಿಗೆ ಬಸ್ಸು ಹತ್ತಿದಳು. ಹದಿನೆಂಟು ದಿನದ ಮೇಲೆ ತಾನಾಗಿಯೇ ಬಂದಳು. ಜಗಳವಿಲ್ಲ, ಮಾತೂ ಹೆಚ್ಚಿಲ್ಲ. ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಕಂಪ್ಲಿಗೆ ಹೋಗಿ ಸಂಜೆಗೆ ಮರಳುವುದು ರೂಢಿಯಾಯಿತು. ಅವಳು ಒಯ್ಯುವ ಚೀಲ ವಾರದಿಂದ ವಾರಕ್ಕೆ ದಪ್ಪವಾಗುತ್ತಿತ್ತು. ಒಂದು ಶನಿವಾರ ಚೀಲವೂ ಬರುವುದಿಲ್ಲ, ಅವಳೂ ಬರುವುದಿಲ್ಲ ಎಂಬ ಹೆದರಿಕೆ ಉಜ್ಜಿನಪ್ಪನಿಗೆ ಅಂಟಿಕೊಂಡಿತು.

ಹೊಸಪೇಟೆಯಿಂದ ತಂದ ಸೀರೆಯಿಂದ ಈ ಗಾಯ ಮಾಯುವಂಥದ್ದಲ್ಲ. ಕೈಯಾರೆ ಏನಾದರೂ ಮಾಡಬೇಕು. ಅವನ ಕೈಗೆ ಬರುತ್ತಿದ್ದ ವಿದ್ಯೆ ಒಂದೇ, ಸೀಲು ಹೊಡೆಯುವುದು. ಹಾಗಾಗಿ ಅಚ್ಚೊತ್ತಿದ ಗ್ರೀಟಿಂಗ್ ಕಾರ್ಡು.

ಒಂದು ಶನಿವಾರ ಬಾಗಿಲಿಗೆ ಚಿಲಕ ಹಾಕಿಕೊಂಡು ರಬ್ಬರಿನ ಮೇಲೆ ಬ್ಲೇಡಿನಿಂದ 'ಪಂಪಾ' ಎಂದು ಕೊರೆದ. ಒತ್ತಿ ನೋಡಿದರೆ ಅಕ್ಷರ ಹಿಂದುಮುಂದಾಗಿ ಬಿತ್ತು. ಸೀಲಿನಲ್ಲಿ ಅಕ್ಷರವನ್ನು ತಿರುವಿ ಕೊರೆದಿರುತ್ತಾರೆ ಎಂಬುದು ಮೂವತ್ತು ವರ್ಷ ಸೀಲು ಹಿಡಿದ ಮಹಾಶಯನಿಗೆ ಅಂದು ಗೊತ್ತಾಯಿತು.

ಸೊಕ್ಕು ಇಳಿದ ಮೇಲೆ ಯೂಟ್ಯೂಬಿನಲ್ಲಿ ಗುರು ಹುಡುಕಿದ. 'ಅಚ್ಚಿನ ಮನೆ' ಎಂಬ ಚಾನೆಲ್ ಸಿಕ್ಕಿತು. ಅದರಲ್ಲಿ ಮುಖವಿಲ್ಲ, ದನಿಯಿಲ್ಲ. ನೀಲಿ ಗ್ಲೌಸು ತೊಟ್ಟ ಹೆಂಗಸಿನ ಎರಡು ಕೈ, ಕೆಳಗೆ ಬರಹದಲ್ಲಿ ಸೂಚನೆ. ಸ್ಪಂಜಿನ ತುಂಡಿನಿಂದ ಇಂಕನ್ನು ಮುಟ್ಟಿಯೂ ಮುಟ್ಟದಂತೆ ಸವರಿ ಆ ಕೈಗಳು ಬಿಳಿ ಕಾಗದದ ಮೇಲೆ ಸಂಜೆಯ ಬಾನು ಮೂಡಿಸುತ್ತಿದ್ದವು. ಉಜ್ಜಿನಪ್ಪ ಬಾಯಿ ತೆರೆದುಕೊಂಡು ನೋಡಿದ. ಸುಳ್ಳು ಹೆಸರಿಟ್ಟುಕೊಂಡು ಕಮೆಂಟಿಗಿಳಿದ.

"ಮೇಡಂ, ಅಚ್ಚಿನ ಮೇಲೆ ಉದುರಿಸಿದ ಮಿಂಚಿನ ಪುಡಿ ಬಿಸಿಗೆ ಕರಗುವ ಬದಲು ಕಪ್ಪಾಗುತ್ತದೆ. ಯಾಕೆ?"

ಉತ್ತರ ಬಂತು: "ಇಸ್ತ್ರಿ ಪೆಟ್ಟಿಗೆ ಬಿಡಿ. ಕಾದ ಹೆಂಚಿನ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಕಾಗದ ಹಿಡಿಯಿರಿ."

ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸುತ್ತಿದ್ದ ಸುದ್ದಿಯನ್ನು ಅವನು ಎತ್ತಿರಲೇ ಇಲ್ಲ. ನಾಡಿ ಮುಟ್ಟದೆ ರೋಗ ಹೇಳುವ ಪಂಡಿತೆ ಎಂದು ಫೋನಿಗೇ ಕೈ ಮುಗಿದ.

ಧೈರ್ಯ ಬಂದು ಮುಂದುವರಿಸಿದ: "ಕಾರ್ಡು ನನ್ನ ಹೆಂಡತಿಗೆ. ಅವಳಿಗೆ ಇಂಥ ಕಲೆ ಏನೂ ತಿಳಿಯದು. ಹೇಗಿದ್ದರೂ ನಡೆಯುತ್ತದೆ."

"ಹಾಗಿದ್ದರೆ ಇನ್ನೂ ಚೊಕ್ಕ ಮಾಡಿ. ಅವರಿಗೆ ಯಾವ ಹೂ ಇಷ್ಟ?"

ಉಜ್ಜಿನಪ್ಪನಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ನಿನಗ ಯಾವ ಹೂ ಸೇರತದ?"

"ಯಾಕ್ರೀ?"

"ಆಫೀಸಿನ್ಯಾಗ ಸರ್ವೆ ಮಾಡಾಕತ್ಯಾರ."

ಪಂಪಾವತಿ ತಿರುಗಿ ನೋಡಲಿಲ್ಲ. ಸಾರು ತಿರುವುತ್ತಿದ್ದ ಕೈ ಮಾತ್ರ ಒಂದು ಗಳಿಗೆ ನಿಂತಿತು. "ಹುಣಸೆ ಹೂ. ಸರ್ವೆದವ್ರಿಗೆ ಹೇಳ್ರಿ, ಭಾಳ ತಡಾ ಮಾಡಿ ಕೇಳಿದ್ರಿ ಅಂತ."

ಮುಂದಿನ ಶನಿವಾರವೇ ಹುಣಸೆ ಹೂವಿನ ಅಚ್ಚಿನ ವೀಡಿಯೊ ಬಂತು. ಹಳದಿ ಎಸಳು, ಅದರೊಳಗೆ ಎಳೆಎಳೆಯಾಗಿ ಕೆಂಪು ಗೆರೆ. ಉಜ್ಜಿನಪ್ಪನಿಗೆ ತಡೆಯಲಾಗಲಿಲ್ಲ.

"ಇಂಥ ಕೈಗಳನ್ನು ಪಡೆದ ನಿಮ್ಮ ಯಜಮಾನರು ಪುಣ್ಯವಂತರು, ಮೇಡಂ."

"ಅವರಿಗೆ ಅದು ಗೊತ್ತಿದ್ದಂತಿಲ್ಲ."

ಎಂಥ ದಡ್ಡನಿಗೆ ಗಂಟು ಬಿದ್ದಳಪ್ಪ ಈ ತಾಯಿ ಎಂದು ಮರುಗಿದ. ಕಂಡವರ ಹೆಂಡತಿಯ ಬಗ್ಗೆ ಇಷ್ಟು ಮರುಗುವುದು ತಪ್ಪೇನೋ ಎಂದು ಹೆದರಿ, ಅಂದು ಸಂಜೆ ಬಸ್‌ಸ್ಟಾಪಿಗೆ ಹೋಗಿ ಪಂಪಾವತಿಯ ಚೀಲ ತಾನೇ ಹೊತ್ತು ತಂದ. ಭಾರವಿತ್ತು. ಒಳಗೇನಿದೆ ಎಂದು ಕೇಳುವ ಎದೆಗಾರಿಕೆ ಇರಲಿಲ್ಲ.

ಹದಿನೇಳು ಕಾರ್ಡು ಕೆಟ್ಟವು. ಒಂದಕ್ಕೆ ಹೆಬ್ಬೆಟ್ಟಿನ ಗುರುತು ಬಿತ್ತು, ಇನ್ನೊಂದು ಹೆಂಚಿನ ಮೇಲೆ ಹಪ್ಪಳವಾಯಿತು. ಹದಿನೆಂಟನೆಯದರಲ್ಲಿ ಹೂ ಅರಳಿತು. ಒಳಗೆ ಒಂದೊಂದೇ ಅಕ್ಷರ ಒತ್ತಿದ: 'ಪಂಪಾ, ತಪ್ಪಾಯ್ತು. ಬಿಟ್ಟು ಹೋಗಬ್ಯಾಡ.'

ಮದುವೆಯ ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಚಹಾದ ಲೋಟದ ಪಕ್ಕದಲ್ಲಿ ಕಾರ್ಡು ಇಟ್ಟು, ತೀರ್ಪಿಗೆ ಕಾದವನಂತೆ ನಿಂತ. ಪಂಪಾವತಿ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ತೆರೆದಳು. ಓದಿದಳು. ಮತ್ತೊಮ್ಮೆ ಓದಿದಳು. ಕಣ್ಣು ತುಂಬಿ ಬಂತು. ಕನ್ನಡಕ ಒರೆಸಿ ಹಾಕಿಕೊಂಡು, ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಹೂವಿನ ಅಂಚಿನ ಗುಂಟ ಬೆರಳಾಡಿಸಿದಳು.

"ಚಲೋ ಆಗೇದ. ಅಂಚಿನ್ಯಾಗ ಮಾತ್ರ ಇಂಕು ಹರಡೇದ ನೋಡ್ರಿ," ಎಂದಳು. "ಹಗೂರಕ ಒತ್ತಬೇಕು ಅಂತ ವೀಡಿಯೊದಾಗ ಎರಡು ಸಲ ತೋರಿಸಿದ್ನಲ್ರೀ ನಾನು?"