ಪೈನ್ ಕಟ್ಟಿಗೆಯ ಹೊಗೆ

ಸ್ತಾಮೆನಾ ಓರಗಿತ್ತಿಯ ಬೆಂಕಿಗೆ ಪೈನ್ ಕಟ್ಟಿಗೆ ತುರುಕುತ್ತಿದ್ದಾಗಲೇ ಹಿಂದೆ ಬಾಗಿಲು ಕಿರುಗುಟ್ಟಿತು. ಅವರಿಬ್ಬರ ಗಂಡಂದಿರು, ಒಡಹುಟ್ಟಿದ ಅಣ್ಣತಮ್ಮಂದಿರು, ಕಿತ್ತಾಡಿ ಮಾಂಸಕ್ಕೆ ಹೊಗೆ ಹಿಡಿಸುವ ಹೊಗೆಮನೆಯ ನಡುವೆ ಹಲಗೆ ಹೊಡೆದ ಮೇಲೆ ಅವಳು ಈ ಅರ್ಧಕ್ಕೆ ಕಾಲಿಟ್ಟಿರಲಿಲ್ಲ. ಒಳ್ಳೆಯ ಮಾಂಸವೆಲ್ಲ ಪೇಟೆಗೆ ಹೋಗಿ, ಮನೆಗೆ ಉಳಿದ ಹಂದಿಯ ಪಕ್ಕೆಲುಬು, ಬೆನ್ನೆಲುಬು ಮೇಲೆ ತೂಗುತ್ತಿದ್ದವು. ಪ್ಲಮ್ ಕಟ್ಟಿಗೆಯ ಹೊಗೆಯಲ್ಲಿ ಹದವಾಗಬೇಕಾದ ಅವು ಪೈನಿನ ಹೊಗೆ ಕುಡಿದು ಕಹಿಯಾದರೆ ನಾಯಿಯೂ ಮೂಸುವುದಿಲ್ಲ.

“ಕದ್ದುಮುಚ್ಚಿ ಯಾಕಕ್ಕ? ಧಾರಾಳವಾಗಿ ಹಾಕು,” ಎಂದಳು ಓರಗಿತ್ತಿ ಯಾಗೊದಾ, ಬಾಗಿಲಿಗೆ ಒರಗಿ.

“ಹಾಕ್ತೀನಿ ಕಣೇ. ಚಳಿಗಾಲ ಪೂರ್ತಿ ಕಹಿ ತಿನ್ರಿ, ನೀನೂ ನಿನ್ನ ಗಂಡನೂ.”

“ತಿನ್ನೋರು ನಾವಿಬ್ರೇ ಅಲ್ವಲ್ಲ. ಒಂದ್ಸಲ ತಲೆ ಎತ್ತಿ ಆ ಎಲುಬಿಗೆ ಹಾಕಿರೋ ಗಂಟು ಯಾರ ಕೈದು ಅಂತ ನೋಡು.”

ಸ್ತಾಮೆನಾ ನೋಡಿದಳು. ಒಂದೊಂದು ಎಲುಬಿಗೂ ಹುರಿಯನ್ನು ಎರಡು ಸುತ್ತು ಸುತ್ತಿ, ಎಡಕ್ಕೆ ಬಿಗಿದ ಗಂಟು. ಊರಲ್ಲಿ ಹಾಗೆ ಕಟ್ಟುವವನು ಒಬ್ಬನೇ, ಅವಳ ಗಂಡ ರಾದೊಯೆ.

“ಶನಿವಾರ ಶನಿವಾರ ಗಿರಣಿಗೆ ಅಂತ ಹೊರಡ್ತಾರಲ್ಲ ಭಾವ, ಇಲ್ಲೇ ತಮ್ಮನ ಪಕ್ಕ ಕೂತು ನನ್ನ ಕೈಯ ಎಲುಬಿನ ಸಾರು ಸುರೀತಾರೆ. ನಿನ್ನ ಸಾರು ಗಂಟಲಲ್ಲಿ ಇಳಿಯಲ್ವಂತೆ.”

ಸ್ತಾಮೆನಾ ಆ ಗಂಟುಗಳನ್ನೇ ದಿಟ್ಟಿಸಿದಳು. ಆಮೇಲೆ ಉಳಿದಿದ್ದ ಪೈನ್ ಕೊರಡನ್ನೂ ಬೆಂಕಿಯೊಳಕ್ಕೆ ಒದ್ದಳು.