ಮೊದಲ ಸಹಿ

“ಹೆಂಡ್ತಿ ಹೆಸರು ಯಾಕ್ಲಾ ನಿಂಗೆ? ಹುಟ್ಟಿಸ್ದೋನು ಮರ್ವಾದಿ ಕಲಿಸ್ನಿಲ್ವಾ?”

ಮುದುಕ ಕಿಟಕಿಯಾಚೆಯಿಂದ ಕೂಗಿದ. ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಿಂತಿದ್ದ ಸಾಲೆಲ್ಲ ಗೊಳ್ಳೆಂದು ನಕ್ಕಿತು. ಒಳಗೆ ಕೂತು ಅರ್ಜಿ ಬರೆದುಕೊಳ್ಳುತ್ತಿದ್ದ ಹುಡುಗನಿಗೆ ನಾಡಕಚೇರಿಯಲ್ಲಿ ಅದು ಕೆಲಸದ ಮೊದಲ ದಿನ.

ಬೆಳಿಗ್ಗೆ ಹಿರಿಯ ಗುಮಾಸ್ತರು ಅವನ ಕೈಗೆ ವಿಧವಾ ವೇತನದ ಪಟ್ಟಿಯೊಂದನ್ನು ಕೊಟ್ಟಿದ್ದರು.

“ನಿಮ್ಮೂರೋರೇ ಅಲ್ವಾ, ಮನೆ ಮನೆಗೆ ಹೋಗೋದೇನೂ ಬೇಡ. ಇವರ ಗಂಡಂದಿರು ಸತ್ತಿರೋದು ನಿಜ ಅಂತ ಸಹಿ ಹಾಕು. ಸುಳ್ಳಾದ್ರೆ ಮಾತ್ರ ಕೇಸು ನಿನ್ ಮೇಲೇ, ನೆನಪಿಟ್ಕೊ.”

ಮೊದಲ ಹೆಸರೇ ಅವನ ಅವ್ವನದು. ಪುಟ್ಟಸಿದ್ದಮ್ಮ, ಕೆರೆಹುಂಡಿ. ನಾಲ್ಕು ವರ್ಷದವನಿದ್ದಾಗಿನಿಂದ ಆ ವೇತನದ ಅನ್ನ ಉಂಡವನು ಎರಡು ಸಲ ಯೋಚಿಸದೆ ಸಹಿ ಹಾಕಿದ್ದ. ಪಟ್ಟಿ ಆಗಲೇ ತಾಲ್ಲೂಕು ಕಚೇರಿಗೆ ಹೋಗಿತ್ತು.

“ಹೆಂಡ್ತಿ ಹೆಸರಿಲ್ಲದಿದ್ರೆ ಅರ್ಜಿ ವಾಪಸ್ಸು,” ಎಂದ.

ಮುದುಕ ದನಿ ತಗ್ಗಿಸಿದ. “ಬರ್ಕೊ ಮತ್ತೆ. ಪುಟ್ಟಸಿದ್ದಮ್ಮ, ಕೆರೆಹುಂಡಿಯೋಳು. ನಾ ಅವ್ಳ ಬುಟ್ಟು ಬಂದು ಇಪ್ಪತ್ತು ವರ್ಸಾಯ್ತು.”

ಬರೆಯುತ್ತಿದ್ದ ಪೆನ್ನು ನಿಂತಿತು.

“ಕೆರೆಹುಂಡಿನಾ?” ಹಿಂದಿನ ಮೇಜಿನಿಂದ ಗುಮಾಸ್ತರು ನಕ್ಕರು. “ಇವ್ನೂ ಅದೇ ಊರೋನು ಕಣಯ್ಯ!”

ಮುದುಕ ಕಿಟಕಿಯ ಸರಳಿಗೆ ಮುಖವೊತ್ತಿ ಅವನನ್ನೇ ನೋಡಿದ. ಈಗ ಅವನ ಮಾತು ಮೆತ್ತಗಿತ್ತು.

“ಹೌದಾ? ಯಾರ ಮಗ್ನಪ್ಪ ನೀನು?”

ಅವನು ಆ ಅರ್ಜಿಯನ್ನು ಮಡಚಿ ತನ್ನ ಜೇಬಿಗೆ ಸೇರಿಸಿ, ಎದ್ದು ಹೊರಗೆ ನಡೆದ.